ಬಹುಮತದ ನಾಯಕರು ಎದ್ದು ನಿಂತು…

ನಮ್ಮ ಮನೆಗೆ ದಿಲ್ಲಿಯ ರಾಜ್ಯಸಭೆ ಬಂದದ್ದು ಬೆಲ್ಲದ ಜೊತೆಗೆ. ಎಲ್ಲರ ಮನೆಗೂ ರಾಜಕೀಯ ರೇಡಿಯೋದಿಂದಲೋ ಪತ್ರಿಕೆಯಿಂದಲೋ ಬರುತ್ತದೆ. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಪತ್ರಿಕೆಯನ್ನು ನಾನು ಭದ್ರಾವತಿಯ ನಮ್ಮ ವಾಚನಾಲಯದಲ್ಲಿ ಓದಿ ಮುಗಿಸಿ ಬರುತ್ತಿದ್ದೆ. ನನ್ನ ಹೆಂಡತಿ ಗಿರಿಜೆ ಮಾತ್ರ ಜನ್ನಾಪುರದ ಅಂಗಡಿಯಿಂದ ತಂದ ಬೆಲ್ಲವನ್ನು ಡಬ್ಬಿಗೆ ಹಾಕಿ, ಅದನ್ನು ಕಟ್ಟಿದ್ದ ಹಳೆಯ ಪತ್ರಿಕೆಯ ಕಾಗದಕ್ಕೆ ಅಂಟಿದ ಚೂರನ್ನು ಬಾಯಿಗೆ ಹಾಕಿಕೊಂಡು, ಒಲೆಯ ಮುಂದೆ ಕೂತು ಆ ಕಾಗದವನ್ನು ಓದುವವಳು. ಮದುವೆಗೆ ಮುಂಚೆ ಹೊಳಲೂರಿನಲ್ಲಿದ್ದಾಗ ಲೋವರ್ ಸೆಕೆಂಡರಿ ಮುಗಿಸಿದ್ದಳು. ಆಮೇಲಿನ ವಿದ್ಯಾಭ್ಯಾಸವೆಲ್ಲ ಪೊಟ್ಟಣಗಳಲ್ಲೇ ನಡೆಯಿತು. ದೇಶದ ಸಮಾಚಾರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು, ಆದರೆ ತಿಂಗಳು ತಡವಾಗಿ, ಅದೂ ಅರ್ಧಂಬರ್ಧ.

ಒಂದು ಸಂಜೆ ಅವಳು ಅಂಥದೊಂದು ಕಾಗದ ಹಿಡಿದು ನನ್ನ ಮುಂದೆ ನಿಂತಳು. “ರೀ, ಇಲ್ನೋಡಿ. ರಾಜ್ಯಸಭೇಲಿ ಭಾರಿ ಗದ್ದಲ ಆಯ್ತಂತೆ. ಆಗ ಬಹುಮತ ಪಕ್ಷದ ನಾಯಕರು ಎದ್ದು ನಿಂತು ಅಂತ ಬರ್ದಿದೆ. ಅಲ್ಲಿಗೇ ಹರಿದುಹೋಗಿದೆ. ಎದ್ದು ನಿಂತು ಏನಂದ್ರು?”

“ಏನಂತಾರೆ ಮಾರಾಯ್ತಿ, ಭಾಷಣ ಮಾಡಿರ್ತಾರೆ.”

“ಅದೇ, ಏನಂತ? ಅಷ್ಟು ಜನ ಕೂಗಾಡ್ತಿರೋವಾಗ ಎಲ್ಲರನ್ನೂ ಸುಮ್ಮನಿರಿಸೋ ಅಂಥ ಮಾತು ಯಾವುದಿರಬೋದು? ಗೊತ್ತಾದ್ರೆ ನಮ್ಮನೇಲೂ ಉಪಯೋಗಕ್ಕೆ ಬರುತ್ತೆ.”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ವಾಚನಾಲಯದ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಹುಡುಕಿದರೆ ಸಿಕ್ಕೀತು ಎಂದೆ. “ನಾನೇ ಬಂದು ಹುಡುಕ್ಲಾ?” ಎಂದಳು. ಆಗಲೇ ನನಗೆ ಹೊಳೆದದ್ದು, ನಮ್ಮ ವಾಚನಾಲಯದಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ ಎಂದು. ಯಾಕಿಲ್ಲ ಎಂದು ಯಾರಿಗೂ ತಿಳಿಯದು. ಕೇಳಿದರೆ ಬೆಂಚು ಕಡಿಮೆ ಎನ್ನುತ್ತಿದ್ದರು. “ಹಾಗಾದ್ರೆ ನಾನು ಆಯುಸ್ಸೆಲ್ಲ ಬೆಲ್ಲದ ಕಾಗದಾನೇ ಓದ್ತಿರ್ಬೇಕು” ಎಂದು ಅವಳು ಒಳಗೆ ಹೋದಳು. ದನಿಯಲ್ಲಿ ಕೋಪವಿರಲಿಲ್ಲ, ಆಸೆಯಿತ್ತು. ಅದರಿಂದ ನನಗೆ ಹೆಚ್ಚು ಸಂಕಟವಾಯಿತು.

ಆ ದಿನಗಳಲ್ಲೇ ವಾಚನಾಲಯದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರ್ ಷಡಾಕ್ಷರಪ್ಪನವರು ಒಂದು ಹೊಸ ಪದ್ಧತಿ ತಂದರು. ನಮ್ಮ ಸದಸ್ಯರ ಸಭೆಗಳು ಯಾವಾಗಲೂ ಜಗಳದಲ್ಲಿ ಮುಗಿಯುತ್ತಿದ್ದುದರಿಂದ, ಇನ್ನು ಮುಂದೆ ಸಭೆಯನ್ನು ಪಾರ್ಲಿಮೆಂಟಿನಂತೆ ನಡೆಸೋಣ, ಜಗಳವಾದರೂ ಕ್ರಮವಾಗಿ ಆಗಲಿ ಎಂದರು. ಅಲ್ಲಿ ಪಾಸಾದದ್ದೇ ವಾಚನಾಲಯದ ನಿಯಮ. ವಾರಕ್ಕೆ ಎರಡು ಮಧ್ಯಾಹ್ನ ಹೆಂಗಸರಿಗೆ ಪ್ರವೇಶ ಕೊಡಬೇಕೆಂಬ ಮಸೂದೆಯನ್ನು ನಾನು ಕೊಟ್ಟೆ. ಬಹುಮತ ಪಕ್ಷದ ನಾಯಕನಾಗಿಯೂ ನಾನೇ ಆಯ್ಕೆಯಾದೆ. ನಾನು ಊರಿನ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನ ಗುಮಾಸ್ತ. ಯಾವ ಪಾಳಿಗೆ ಯಾರು ಎಂದು ಪಟ್ಟಿ ಮಾಡುವುದು, ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಲೇಟ್’ ಎಂದು ಬರೆಯುವುದು ನನ್ನ ಉದ್ಯೋಗ. ಕುಲುಮೆಯ ಕೆಲಸಗಾರರೆಲ್ಲ ನನ್ನ ಪಕ್ಷಕ್ಕೆ ಸೇರಿದ್ದು ಪ್ರೀತಿಯಿಂದಲೋ ಕೆಂಪು ಶಾಯಿಯ ಭಯದಿಂದಲೋ ನಾನು ವಿಚಾರಿಸಲು ಹೋಗಲಿಲ್ಲ. ಎದುರು ಪಕ್ಷದಲ್ಲಿ ಸ್ಟೋರಿನ ನಂಜುಂಡಯ್ಯನವರು ಮತ್ತು ಭಾನುವಾರ ಪೂರ್ತಿ ರಜೆಯಿರುವ ಅವರ ಆಫೀಸಿನ ಗೆಳೆಯರು. ಹೆಂಗಸರು ಬಂದರೆ ಕಾಲು ಚಾಚಿ ಕೂರಲಾಗದು ಎಂಬುದು ಅವರ ಸಿದ್ಧಾಂತ.

ನಾಯಕನಾದ ಮೇಲೆ ನಾಯಕ ಮಾಡುವುದೇನು ಎಂದು ತಿಳಿಯಬೇಡವೆ? ಶಿವಮೊಗ್ಗದಲ್ಲಿ ವಕೀಲರಾಗಿದ್ದ ನನ್ನ ಭಾವ ರಾಜ್ಯಸಭೆಯ ನಡಾವಳಿಯ ಸಂಪುಟಗಳನ್ನು ತರಿಸುತ್ತಿದ್ದರು. ಕಕ್ಷಿಗಾರರಿಗೆ ಕಾಣುವಂತೆ ಬೀರುವಿನಲ್ಲಿಡುತ್ತಿದ್ದರೇ ಹೊರತು ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಬಸ್ಸು ಹತ್ತಿ ಹೋಗಿ, ಧೂಳಿಗೆ ಸೀನುತ್ತಾ ಒಂದು ದಿನವಿಡೀ ಹುಡುಕಿದೆ. ಗಿರಿಜೆಯ ಗದ್ದಲ ಯಾವ ದಿನದ್ದೋ ಸಿಗಲಿಲ್ಲ, ತಾರೀಕು ಹರಿದುಹೋದ ಭಾಗದಲ್ಲಿತ್ತು. ಬಹುಮತದ ನಾಯಕರೇನೋ ಪುಟಪುಟಕ್ಕೂ ಸಿಕ್ಕರು. ಆದರೆ ಅವರು ಆಡುತ್ತಿದ್ದ ಮಾತುಗಳು! ಸೋಮವಾರ ಇಂಥ ಮಸೂದೆ, ಮಂಗಳವಾರ ಇಂಥ ಚರ್ಚೆ, ಮತದಾನದ ಹೊತ್ತಿಗೆ ಸದಸ್ಯರು ದಯವಿಟ್ಟು ತಮ್ಮ ಸ್ಥಾನದಲ್ಲಿರಬೇಕು. ಇದೂ ಒಂದು ಭಾಷಣವೇ? ಇದು ನಾನು ದಿನಾ ಬರೆಯುವ ಪಾಳಿಯ ಪಟ್ಟಿ. ಇದಕ್ಕಾಗಿ ದಿಲ್ಲಿಯವರೆಗೆ ಹೋಗಬೇಕೇ ಎಂದು ಬೇಸರವಾಯಿತು. ಹಾಗೇ ಪುಟ ಮಗುಚುತ್ತಿರುವಾಗ ವಿರೋಧ ಪಕ್ಷದವರೊಬ್ಬರು ಗುಡುಗಿದ ಭಾಷಣ ಸಿಕ್ಕಿತು. ಭಾಷಣವೆಂದರೆ ಇದು ಎಂದುಕೊಂಡು ಅದರ ಧಾಟಿಯನ್ನು ಕಲಿತುಕೊಂಡು ಬಂದೆ.

ಗಿರಿಜೆಗೆ ಎಲ್ಲವನ್ನೂ ವರದಿ ಮಾಡಿದೆ. ಅವಳು ಗುಡುಗಿನ ಕಡೆ ಗಮನವನ್ನೇ ಕೊಡಲಿಲ್ಲ. “ಎಲ್ಲರೂ ಕೂತಿರೋ ಹಾಗೆ ನೋಡ್ಕೊಳ್ಳೋದು ಸಣ್ಣ ಕೆಲಸಾನಾ? ನಿಮ್ಮೋರು ಕೊನೇತನಕ ಕೂತಿರ್ತಾರಾ?” ಎಂದಳು.

“ಕೂತಿರದೆ ಎಲ್ಲಿಗೆ ಹೋಗ್ತಾರೆ?” ಎಂದೆ.

ಆ ಭಾನುವಾರ ಮಧ್ಯಾಹ್ನ ಸಭೆ ಕಿಕ್ಕಿರಿದಿತ್ತು. ಗಿರಿಜೆ ಮತ್ತು ಅಕ್ಕಪಕ್ಕದ ಮನೆಯ ಹೆಂಗಸರು ಹೊರಗೆ ಕಿಟಕಿಯ ಬಳಿ ನಿಂತಿದ್ದರು. ನಾನು ಎದ್ದು ನಿಂತೆ. ವಿದ್ಯೆಯ ಮಹಿಮೆ, ಪುರಾತನ ಸ್ತ್ರೀರತ್ನಗಳು, ಸ್ವಾತಂತ್ರ್ಯದ ಹೊಣೆ, ಒಂದಾದ ಮೇಲೊಂದು ಬಂದವು. ಮೇಜು ಕುಟ್ಟಿದೆ. ನಂಜುಂಡಯ್ಯನವರು ಒಮ್ಮೆಯೂ ಅಡ್ಡ ಮಾತಾಡದೆ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು. ಪಾಪ, ನನ್ನ ತರ್ಕಕ್ಕೆ ತತ್ತರಿಸಿದ್ದಾರೆ ಎಂದುಕೊಂಡು ಇನ್ನಷ್ಟು ಲಂಬಿಸಿದೆ. ಆಗ ಕಾರ್ಖಾನೆಯ ಸೈರನ್ ಕೂಗಿತು.

ನನ್ನ ಪಕ್ಷದ ಬೆಂಚುಗಳ ಕೆಳಗಿನಿಂದ ಊಟದ ಡಬ್ಬಿಗಳು ಒಂದೊಂದಾಗಿ ಮೇಲೆದ್ದವು. ಮೊದಲು ಎದ್ದವನು ಕುಲುಮೆಯ ಮುರುಗೇಶ.

“ಮಾನ್ಯ ಸದಸ್ಯರು ಕೂತ್ಕೋಬೇಕು! ಇನ್ನು ಐದೇ ನಿಮಿಷ!” ಎಂದೆ.

“ಸೆಕೆಂಡ್ ಶಿಫ್ಟ್ ಸಾರ್” ಎಂದ ಮುರುಗೇಶ, ನಿಜವಾದ ದುಃಖದಿಂದ. “ಐದು ನಿಮಿಷ ಲೇಟ್ ಆದ್ರೆ ಕೆಂಪಿಂಕ್ ಹಾಕೋರು ಯಾರು? ನೀವೇ ತಾನೆ ಸಾರ್?”

ಅವರನ್ನೆಲ್ಲ ಆ ಪಾಳಿಗೆ ಹಾಕಿದ ಪಟ್ಟಿಯೂ ನನ್ನ ಕೈಬರಹದ್ದೇ. ಬಹುಮತ ಸಾಲಾಗಿ ಬಾಗಿಲು ದಾಟಿ ಹೋಯಿತು. ನಂಜುಂಡಯ್ಯನವರು ಎದ್ದು, “ಸಭಾಧ್ಯಕ್ಷರೇ, ಚರ್ಚೆ ಸಾಕು, ಮತಕ್ಕೆ ಹಾಕಿ” ಎಂದರು. ಅವರ ಇಡೀ ಭಾಷಣ ಅಷ್ಟೇ. ಮಸೂದೆ ಬಿದ್ದುಹೋಯಿತು. ಮನೆಗೆ ನಡೆದು ಬರುವಾಗ ನನಗೆ ಗಿರಿಜೆಯ ಮುಖ ನೋಡಲಾಗದಷ್ಟು ನಾಚಿಕೆಯಾಯಿತು.

ಬಿದ್ದ ಮಸೂದೆಯನ್ನು ಮುಂದಿನ ತಿಂಗಳು ಮತ್ತೆ ತರಬಹುದೆಂದು ಷಡಾಕ್ಷರಪ್ಪನವರು ತೀರ್ಪು ಕೊಟ್ಟರು. ಈ ಸಲ ಗಿರಿಜೆ ನನ್ನನ್ನು ಕೂರಿಸಿಕೊಂಡು ಯಾವ ಪಾಳಿಯವರು ಯಾವಾಗ ಎಚ್ಚರವಾಗಿರುತ್ತಾರೆ, ಯಾವಾಗ ಮಲಗಿರುತ್ತಾರೆ ಎಂದು ಕೇಳಿ ತಿಳಿದುಕೊಂಡಳು. ಮುರುಗೇಶನ ಹೆಂಡತಿಯ ಜೊತೆ ಮನೆಮನೆಗೆ ಹೋಗಿ, ಗಂಡಂದಿರನ್ನು ತಪ್ಪದೆ ಸಭೆಗೆ ಕಳಿಸಬೇಕೆಂದು ಹೆಂಗಸರಿಗೆ ಹೇಳಿ ಬಂದಳು. ಸಭೆ ಬೆಳಗ್ಗೆ ಹತ್ತಕ್ಕೆಂದು ನಾನು ಹಟ ಹಿಡಿದು ಗೊತ್ತುಮಾಡಿಸಿದೆ. ಹೊರಡುವಾಗ ಅವಳು, “ಎದ್ದು ನಿಂತು ಮಸೂದೆ ಮಂಡಿಸ್ತೀನಿ ಅನ್ನಿ, ಕೂತ್ಕೊಳ್ಳಿ. ಅಷ್ಟೇ” ಎಂದಳು. ಹಾಗೇ ಮಾಡಿದೆ. ಪಾಸಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಬಿದ್ದ ಭಾಷಣ ಇನ್ನೊಂದಿಲ್ಲ, ಅದು ಭಾಷಣಕ್ಕೆ ಬಿದ್ದದ್ದೋ ಬೇಗ ಮುಗಿದದ್ದಕ್ಕೋ ತಿಳಿಯದು.

ವಾಚನಾಲಯ ಹೆಂಗಸರಿಗೆ ತೆರೆದ ಮೊದಲ ಶುಕ್ರವಾರ ನಾನು ಆಫೀಸಿನಿಂದ ಹಸಿದು ಬಂದರೆ ಮನೆಗೆ ಬೀಗ. ಜಗಲಿಯ ಮೇಲೆ ಕೂತು ಕೂತು ಕೋಪ ಏರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅವಳು ಬೀದಿಯ ತಿರುವಿನಲ್ಲಿ ಕಂಡಳು, ಸೆರಗಿನ ತುಂಬ ಹಳೆಯ ಪತ್ರಿಕೆಯ ಧೂಳು, ಮುಖದ ತುಂಬ ನಗು. ಯಾಕೆ ಲೇಟು ಎಂದು ಕೇಳಲು ನಾನು ಎದ್ದು ನಿಂತೆ.

“ಸಿಕ್ತು ರೀ!” ಎಂದಳು. “ಅವತ್ತು ಗದ್ದಲದಲ್ಲಿ ನಾಯಕರು ಎದ್ದು ನಿಂತು ಏನಂದ್ರು ಗೊತ್ತಾ? ಎಲ್ಲರಿಗೂ ಹಸಿವಾಗಿದೆ, ಊಟ ಮಾಡ್ಕೊಂಡು ಬಂದು ಮುಂದುವರಿಸೋಣ ಅಂದ್ರಂತೆ. ಎಲ್ಲರೂ ಸುಮ್ಮನಾದ್ರಂತೆ.”

ಊರಿನವರಿಗೆಲ್ಲ ‘ಲೇಟ್’ ಎಂದು ಬರೆಯುವವನ ಬಾಯಿಂದ ಆ ಒಂದು ಪದ ಹೊರಡಲಿಲ್ಲ. ಅವಳು ಬೀಗ ತೆಗೆದಳು. ನಾನು ಒಳಗೆ ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತೆ.