ಗದಿಗೆಪ್ಪನ ಮನೆಯ ಕಾರಂಜಿ

ಗದಿಗೆಪ್ಪನ ಮನೆಯ ಸೂರು ಸೋರುತ್ತಿತ್ತು. ಅದನ್ನು ನಿಲ್ಲಿಸಲು ಅಮೆರಿಕದ ಸಂಸತ್ತು ಕಾಯಿದೆ ತಿದ್ದಬೇಕಿತ್ತು.

ತಮಾಷೆಯಲ್ಲ. ಲಿನ್‌ವುಡ್ ಎಂಬ ಅಲ್ಲಿನ ಊರಿನ ಆ ಅಪಾರ್ಟ್‌ಮೆಂಟನ್ನು ಕಡಿಮೆ ಆದಾಯದವರಿಗೆಂದು ಕೇಂದ್ರ ಸರ್ಕಾರದ ಅನುದಾನದಲ್ಲಿ ಕಟ್ಟಿದ್ದರು. ಸಾಫ್ಟ್‌ವೇರ್ ಕೆಲಸ ಹೋಗಿ, ಶಾಲೆಯೊಂದರಲ್ಲಿ ಕಂಪ್ಯೂಟರ್ ರಿಪೇರಿಗೆ ಸೇರಿದ್ದ ಗದಿಗೆಪ್ಪನಿಗೆ ಅಲ್ಲಿ ಮನೆ ಸಿಕ್ಕಿದ್ದೇ ಪುಣ್ಯ. ಆದರೆ ಒಮ್ಮೆ ಅನುದಾನ ಪಡೆದ ಕಟ್ಟಡದ ರಿಪೇರಿಗೆ ಮತ್ತೆ ದುಡ್ಡು ಕೊಡಲು ಕಾಯಿದೆ ಬಿಡುವುದಿಲ್ಲ ಎಂದು ಮ್ಯಾನೇಜರು ಕೈಚೆಲ್ಲಿದ್ದ. ಅದನ್ನು ತಿದ್ದುವ ಮಸೂದೆಯೊಂದು ಸಂಸತ್ತಿನ ಮುಂದಿತ್ತು. ಪರಿಸ್ಥಿತಿಯನ್ನು ಕಣ್ಣಾರೆ ನೋಡಲು ಸಂಸದೆಯೊಬ್ಬರ ಸಹಾಯಕಿ ಶನಿವಾರ ಬರುವವಳಿದ್ದಳು. ಬಾಡಿಗೆದಾರರು ಸಭೆ ಸೇರಿ, ಎಲ್ಲಕ್ಕಿಂತ ಕೆಟ್ಟ ಮನೆಯೆಂದು ಗದಿಗೆಪ್ಪನದನ್ನು ಆರಿಸಿದರು. ಜೀವನದಲ್ಲಿ ಮೊದಲ ಸಲ ಅವನು ಯಾವುದರಲ್ಲೋ ಫಸ್ಟ್ ಬಂದಿದ್ದ.

ಹೆಂಡತಿ ಗೌರಾದೇವಿಗೆ ಮೈಯೆಲ್ಲ ಉರಿಯಿತು.

"ಮನೀಗಿ ಬಂದವ್ರಿಗೆ ಬಕೀಟು ತೋರಸ್ತೀರೇನ್ರಿ? ಮಾನ ಮರ್ಯಾದಿ ಐತಿಲ್ಲೋ ನಿಮಗ?"

"ಬಕೀಟು ಮುಟ್ಟಬ್ಯಾಡ. ಅದರ ಮ್ಯಾಲ ಇಡೀ ಕಾಯ್ದೆ ನಿಂತೈತಿ" ಎಂದು ಹೇಳಿ ಗದಿಗೆಪ್ಪ ಸಹಾಯಕಿಯನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋದ.

ಮರಳಿ ಬಂದು ಬಾಗಿಲು ತೆರೆದವನು, ಬೇರೆಯವರ ಮನೆಗೆ ನುಗ್ಗಿದೆನೆಂದು "ಸಾರಿ" ಹೇಳಿ ಹಿಂದೆ ಸರಿದ. ಒಳಗೆ ಗೌರಾದೇವಿ ಇಳಕಲ್ ಸೀರೆಯುಟ್ಟು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಮೈಸೂರಿನ ಸುರಯ್ಯಾ ತನ್ನ ಸೋಫಾ, ಕುರ್ಚಿ, ಟೀವಿ, ಜಮಖಾನ ಎಲ್ಲವನ್ನೂ ಇಲ್ಲಿಗೆ ಸಾಗಿಸಿದ್ದಳು. ಸೂರಿನ ಕಲೆಯನ್ನು ಕನ್ನಡ ಸಂಘದ ಗಣಪತಿ ಮಂಟಪದ ಜರಿ ಬಟ್ಟೆ ಮುಚ್ಚಿತ್ತು. ಬಕೆಟ್ಟಿನ ಜಾಗದಲ್ಲಿ ಅಗಲವಾದ ಹಿತ್ತಾಳೆ ಪಾತ್ರೆ, ಅದರೊಳಗೆ ಗುಲಾಬಿ ಎಸಳು. ಜರಿಯ ನಡುವಿನಿಂದ ಹನಿಯೊಂದು ಟಪ್ ಎಂದು ಬಿತ್ತು.

"ಆಹಾ, ಮನೆಯೊಳಗೇ ಕಾರಂಜಿ!" ಎಂದು ಸಹಾಯಕಿ ಕಣ್ಣು ಮುಚ್ಚಿದಳು.

"ಅಲ್ಲ ಮೇಡಂ, ಸೋರ್ತಾ ಇದೆ. ಮೇಲಿನ ಮನೆ ಬಚ್ಚಲ ನೀರು ಅದು."

"ನಿಮ್ಮವರ ವಿನಯ ನನಗೆ ಗೊತ್ತು. ನಾನು ಯೋಗ ಕ್ಲಾಸಿಗೆ ಹೋಗ್ತೀನಿ" ಎಂದ ಅವಳು, ಆ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಗದಿಗೆಪ್ಪ ಸೂರಿನ ಜರಿ ಬಟ್ಟೆ ಕಿತ್ತು ತೋರಿಸೋಣವೆಂದು ಕುರ್ಚಿ ಹತ್ತಿದ. ಸುರಯ್ಯಾಳ ಗಂಡ ಜಫರುಲ್ಲಾ ಅವನ ಕಾಲು ಹಿಡಿದುಕೊಂಡ. "ಏನ್ ಮಾಡ್ತಿದೀರಾ ಭಾಯ್? ಗೆಸ್ಟ್ ಮುಂದೆ!"

ಗದಿಗೆಪ್ಪ ಮತ್ತೆ ಬಾಯಿ ತೆರೆದಾಗ ಗೌರಾದೇವಿ ಅದಕ್ಕೆ ಇಡೀ ಹೋಳಿಗೆ ತುರುಕಿದಳು.

"ಇಷ್ಟು ಚೆನ್ನಾಗಿರೋವಾಗ ಕಾಯಿದೆ ಯಾಕೆ ತಿದ್ದಬೇಕು?" ಎಂದು ಕೇಳಿ ಸಹಾಯಕಿ ಹೊರಡಲು ಬಾಗಿಲತ್ತ ತಿರುಗಿದಳು.

ಆದರೆ ಬಂದವರನ್ನು ಬಾಗಿಲಿಂದ ಹಾಗೇ ಕಳಿಸಿ ಸುರಯ್ಯಾಳಿಗೆ ಅಭ್ಯಾಸವಿಲ್ಲ. "ನಮ್ಮನೆಗೂ ಬನ್ನಿ, ಒಂದು ಲೋಟ ಚಹಾ ಕುಡ್ಕೊಂಡ್ ಹೋಗಿ" ಎಂದುಬಿಟ್ಟಳು. ಮನೆ ಖಾಲಿಯಿದೆ ಎಂಬುದು ಬಾಗಿಲು ತೆರೆದ ಮೇಲೆ ನೆನಪಾಯಿತು. ಕೂರಲು ಕುರ್ಚಿಯಿಲ್ಲ, ಹಾಸಲು ಚಾಪೆಯಿಲ್ಲ, ಸೋಫಾದ ಹಿಂದೆ ಇಷ್ಟು ದಿನ ಅಡಗಿದ್ದ ಬೂಷ್ಟು ಗೋಡೆಯ ತುಂಬ. ಬರಿ ನೆಲದ ಮೇಲೆ ಕೂತು ಚಹಾ ಕುಡಿಯುತ್ತ ಸಹಾಯಕಿ ಗಳಗಳನೆ ಅತ್ತಳು. ಫೋಟೋಗಳನ್ನೂ ತೆಗೆದುಕೊಂಡಳು.

ಆ ಫೋಟೋಗಳು ಸಂಸತ್ತಿನಲ್ಲಿ ಎಂಥೆಂಥವರ ಮನಸ್ಸನ್ನೂ ಕರಗಿಸಿದವು. ಮಸೂದೆ ಪಾಸಾಯಿತು. ಮುಂದಿನ ಚಳಿಗಾಲದ ಹೊತ್ತಿಗೆ ದುಡ್ಡೂ ಬಂತು. ಸುರಯ್ಯಾಳ ಗೋಡೆಗೆ ಹೊಸ ಬಣ್ಣ ಬಿತ್ತು, ಒಂದೊಂದೇ ಮನೆಗೆ ಹೊಸ ಪೈಪು ಬಂತು. ಕೊನೆಗೆ ಮ್ಯಾನೇಜರು ಗದಿಗೆಪ್ಪನ ಬಾಗಿಲು ತಟ್ಟಿದ.

"ಅಂತೂ ಬಂದ್ರಲ್ಲ!" ಎಂದು ಗದಿಗೆಪ್ಪ ತಾನೇ ಏಣಿ ತಂದು ನಿಲ್ಲಿಸಿದ.

"ನಿಮ್ಮನೆಯಲ್ಲಿ ಮಾತ್ರ ಕೆಲಸ ಇಲ್ಲ" ಎಂದ ಮ್ಯಾನೇಜರು. "ನಿಮಗೆ ಹೇಳಿ ಹೋಗೋಣ ಅಂತ ಬಂದೆ. ಬಾಡಿಗೆದಾರರ ಧಾರ್ಮಿಕ ಕಾರಂಜಿ, ಅದರ ನೀರಿನ ಪೈಪು, ಇವನ್ನ ರಿಪೇರಿ ನೆಪದಲ್ಲಿ ಮುಟ್ಟಕೂಡದು ಅಂತ ಹೊಸ ಕಾಯಿದೆಯಲ್ಲೇ ಒಂದು ಸಾಲು ಸೇರಿಸಿದಾರೆ. ಆ ಸಹಾಯಕಿ ಹಟ ಹಿಡಿದು ಸೇರಿಸಿದರಂತೆ."

ಒಳಗೆ ಟಪ್ ಎಂದಿತು.

"ಹಾಗಾದ್ರೆ ಇದನ್ನ ನಿಲ್ಸೋಕೆ ಏನ್ ಮಾಡ್ಬೇಕು?"

"ಏನಿಲ್ಲ," ಎಂದ ಮ್ಯಾನೇಜರು ಏಣಿ ಮಡಿಸುತ್ತ, "ಸಂಸತ್ತು ಕಾಯಿದೆ ತಿದ್ದಬೇಕು."