ಬೀಗರ ಮನೆಯ ಹೊಗೆ ಪೈಪು

ನಮ್ಮ ಸೋದರಮಾವ ಯಾರ ಮಾತನ್ನೂ ನಂಬುವವರಲ್ಲ. ಸೌದೆಯ ಮಾತನ್ನು ಮಾತ್ರ ನಂಬುತ್ತಾರೆ. ಅದೂ ಸೌದೆ ಚೆನ್ನಾಗಿ ಒಣಗಿದ್ದರೆ!

ಸೌದೆ ಮಾತಾಡುತ್ತದೆಯೇ ಎಂದು ಕೇಳುತ್ತೀರಾ? ರಾಮನಾಥಪುರದ ಪಕ್ಕದ ಅವರ ಹಳ್ಳಿಗೆ ಬನ್ನಿ. ಎರಡು ಸೀಳು ಎತ್ತಿಕೊಂಡು, ಒಂದಕ್ಕೊಂದು ಬಡಿದು, ಕಣ್ಣು ಮುಚ್ಚಿ ಆಲಿಸುತ್ತಾರೆ. ‘ಠಣ್’ ಅಂದರೆ ಒಣಗಿದೆ, ಒಲೆಗೆ ಹೋಗಬಹುದು. ‘ದೊಪ್’ ಅಂದರೆ ಇನ್ನೂ ಹಸಿ, ಮತ್ತೆ ಬಿಸಿಲಿಗೆ. ಸಂಗೀತ ಕಚೇರಿಯಲ್ಲೂ ಜನ ಇಷ್ಟು ಶ್ರದ್ಧೆಯಿಂದ ಕೇಳುವುದಿಲ್ಲ.

ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಬೆಂಕಿ ಹಾಕಿ ಹಾಕಿ ಅಂಟಿದ ಚಟವಿದು ಎಂದು ನಾವೆಲ್ಲ ತಿಳಿದಿದ್ದೆವು. ಅಲ್ಲಿ ಹಸಿ ಸೌದೆ ಹಾಕಿದರೆ ಕಾವು ಏರುಪೇರಾಗಿ ಸೊಪ್ಪು ಕೆಡುತ್ತದೆ, ಒಪ್ಪೋಣ. ಆದರೆ ಬಚ್ಚಲ ಹಂಡೆಗೂ ಅದೇ ಶಿಸ್ತೇ? ಅಡುಗೆಗೆ ಗ್ಯಾಸು ಬಂದು ಎಷ್ಟೋ ಕಾಲವಾಯಿತು. ಮನೆಯಲ್ಲಿ ಉಳಿದಿರುವುದು ಸ್ನಾನದ ನೀರು ಕಾಯಿಸುವ ಆ ಒಂದು ಒಲೆ. ಅದರ ಹೊಗೆ ಪೈಪನ್ನು ಮಾವ ಉದ್ದನೆಯ ಬಿದಿರುಕೋಲಿಗೆ ತೆಂಗಿನನಾರು ಕಟ್ಟಿಕೊಂಡು ಉಜ್ಜುತ್ತಲೇ ಇರುತ್ತಾರೆ.

“ಹಲ್ಲುಜ್ಜಕ್ಕೆ ಸೋಮಾರಿ, ಪೈಪ್ ಉಜ್ಜಕ್ಕೆ ಮುಂದು!” ಎಂದು ನಮ್ಮತ್ತೆ ಗೊಣಗುತ್ತಾರೆ.

ಬಸ್ಸಿನಲ್ಲಿ ಇವರ ಪಕ್ಕ ಕೂರಬಾರದು. “ನೋಡವ್ವ, ಆ ಮನೇಲಿ ಬೆಳ್ಳಗೆ ಹೊಗೆ ಬತ್ತಾ ಐತೆ! ಸೌದೆ ಸುಡ್ತಿಲ್ಲ ಅವ್ರು, ನೀರ್ ಸುಡ್ತಾವ್ರೆ!” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಾರೆ. ಒಮ್ಮೆ ಅರಕಲಗೂಡಿನಲ್ಲಿ ಕಾಫಿ ಕುಡಿಯಲು ಹೋದವರು ನೇರ ಅಡುಗೆಮನೆಗೆ ನುಗ್ಗಿ ಹೋಟೆಲಿನ ಚಿಮಣಿಯನ್ನು ತಟ್ಟಿ ನೋಡಿದರು. ಮಾಲೀಕರು ಬೆವೆತುಹೋದರು. “ಏನ್ ಸಾ, ಫುಡ್ ಇನ್ಸ್‌ಪೆಕ್ಟರಾ?”

“ಅಲ್ಲ ಕಣಪ್ಪ. ಸುಮ್ನೆ ನೋಡ್ದೆ.”

ಸುಮ್ಮನೆ ಯಾರಾದರೂ ಚಿಮಣಿ ನೋಡುತ್ತಾರೆಯೇ? ಮಾಲೀಕರು ನಂಬಲಿಲ್ಲ. ನಮ್ಮಿಬ್ಬರಿಗೂ ಬಿಟ್ಟಿ ವಡೆ ಬಂತು. ವಡೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ಇಲ್ಲಿಯವರೆಗೆ ಎಲ್ಲ ನಗೆಯೇ. ಮಗಳ ಮದುವೆಯ ಮಾತು ಬಂದಾಗ ಮಾತ್ರ ನಗು ನಿಂತುಹೋಯಿತು. ಮಾವನಿಗೆ ಒಬ್ಬಳೇ ಮಗಳು, ಪವಿತ್ರ. ಹೊಳೆನರಸೀಪುರದಲ್ಲಿ ಟೀಚರು. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರದ ಮನೆಯ ಹುಡುಗ ನೋಡಲು ಬಂದ. ಇವಳು ಒಪ್ಪಿದಳು, ಅವನೂ ಒಪ್ಪಿದ. ಉಳಿದಿದ್ದು ನಾವು ಹುಡುಗನ ಮನೆ ನೋಡಿ ಬರುವ ಶಾಸ್ತ್ರ.

ಹೋದೆವು. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಮಾವನೇ ನಾಪತ್ತೆ! ಹುಡುಕಿಕೊಂಡು ಹಿತ್ತಿಲಿಗೆ ಹೋದರೆ, ಬೀಗರಾಗಬೇಕಾದವರ ಹೊಗೆ ಪೈಪಿನ ಬುಡದ ಕಿಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೇರೆ!

ಹುಡುಗನ ತಂದೆ ಕೇಳಿದರು: “ಏನ್ ಯಜಮಾನ್ರೇ, ಹುಡುಗನ್ ನೋಡಕ್ ಬಂದ್ರೋ, ಪೈಪ್ ನೋಡಕ್ ಬಂದ್ರೋ?”

“ಎಲ್ಡೂ ಒಳಗ್ ನೋಡ್ಬೇಕು ಕಣ್ರೀ,” ಎಂದು ಮಾವ ಕೈ ಹೊರತೆಗೆದರು. ಟಾರಿನಂತೆ ಜಿಗುಟಾದ ಮಸಿ! ಒಲೆಯ ಮುಂದೆ ಹಸಿ ತೆಂಗಿನಮಟ್ಟೆಯ ರಾಶಿ. ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಇನ್ನೂ ಹತ್ತದ ಒಲೆಯನ್ನು ಊದುತ್ತಿದ್ದರು. ಮಾವ ಅವರನ್ನೇ ಒಂದು ಗಳಿಗೆ ನೋಡಿದರು. ಕಾರಿನಲ್ಲಿ ಕೂತ ಕೂಡಲೇ ತೀರ್ಪು ಬಂತು: “ಈ ಸಂಬಂದ ಬ್ಯಾಡ.”

ಮೂರನೆಯ ದಿನ ಪವಿತ್ರಳ ಫೋನು. “ಅತ್ಗೆ, ಅಪ್ಪಂಗೆ ನೀವಾದ್ರೂ ಬುದ್ಧಿ ಹೇಳಿ. ನಾನ್ ಮದ್ವೆ ಆಗೋದು ಹುಡುಗನ್ನ, ಪೈಪನ್ನಲ್ಲ!” ಎಂದವಳು ಅತ್ತೇಬಿಟ್ಟಳು.

ಜಗಳಕ್ಕೆ ಸಿದ್ಧವಾಗಿಯೇ ಹೋದೆ. ನೋಡಿದರೆ ಮಾವ ಅಂಗಳದಲ್ಲಿ ಟೆಂಪೊ ನಿಲ್ಲಿಸಿಕೊಂಡು ಒಣಸೌದೆ ತುಂಬಿಸುತ್ತಿದ್ದಾರೆ. ಮೇಲೆ ಆ ಬಿದಿರುಕೋಲು.

“ಎಲ್ಗೆ ಮಾವ?”

“ಚನ್ರಾಯ್‌ಪಟ್ಣಕ್ಕೆ. ಅವ್ಳು ಸರ್ಯಾಗ್ ಉಣ್ತಿಲ್ಲ ಕಣವ್ವ. ಹುಡುಗನ್ ಬದ್ಲಾಯ್ಸಕ್ ಆಗ್ದಿದ್ರೆ ಪೈಪ್ ಸರಿ ಮಾಡ್ಬೇಕು, ಇನ್ನೇನ್ ಮಾಡಾನೆ?”

ಜಗಳ ಮರೆತು ನಾನೂ ಟೆಂಪೊ ಹತ್ತಿದೆ. ವರದಕ್ಷಿಣೆ ಕೊಡುವ ಮಾವಂದಿರ ಬಗ್ಗೆ ಕೇಳಿದ್ದೀರಿ. ಮದುವೆಗೆ ಮುಂಚೆಯೇ ಬೀಗರ ಮನೆಗೆ ಹೋಗಿ ಮಸಿ ತೆಗೆದವರ ಬಗ್ಗೆ ಕೇಳಿದ್ದೀರಾ? ಹುಡುಗ ಏಣಿ ಹಿಡಿದ, ಮಾವ ಮೇಲೆ ನಿಂತು ಉಜ್ಜಿದರು. ಅರ್ಧ ಮಸಿ ಭಾವೀ ಅಳಿಯನ ತಲೆಗೇ ಬಿತ್ತು. ಪುಣ್ಯಾತ್ಮ ಏಣಿ ಬಿಡಲಿಲ್ಲ. ಆಮೇಲೆ ಒಣಸೌದೆ ಹಾಕಿ ಹಚ್ಚಿದಾಗ ಒಲೆ ಧಗ್ಗನೆ ಉರಿಯಿತು. ಹುಡುಗನ ತಾಯಿ ಊದುಗೊಳವೆ ಕೆಳಗಿಟ್ಟು, ಹೊಗೆಯಿಲ್ಲದ ಉರಿಯನ್ನು ನೋಡುತ್ತ ಕೂತರು.

ನಲ್ಲಿಯ ಬಳಿ ಮಾವ ಕೈ ತೊಳೆಯುತ್ತಿದ್ದರು. ನಾನು ನಗುತ್ತಲೇ ಕೇಳಿದೆ: “ಇಷ್ಟ್ ಹಟ ಯಾಕ್ ಮಾವ? ನಾಳೆ ಇವ್ರೂ ಗೀಸರ್ ಹಾಕ್ಸಲ್ವಾ?”

ಮಾವ ನನ್ನ ಮುಖ ನೋಡಲಿಲ್ಲ. ಕೈ ಉಜ್ಜುತ್ತಲೇ ಹೇಳಿದರು:

“ನಮ್ಮವ್ವ ದಿನಾ ಒಲೆ ಮುಂದ್ ಕೂತ್ಕಂಡು ಕಣ್ಣೊರ್ಸ್ಕಳಳು. ಯಾಕವ್ವ ಅಂದ್ರೆ, ಹೊಗೆ ಕಣ್ಲಾ ಅನ್ನಳು. ನಾನೂ ಹೊಗೇನೇ ಅನ್ಕಂಡಿದ್ದೆ. ಒಂದಿನ ನೋಡ್ತೀನಿ, ಒಲೇಲಿ ಬೆಂಕೀನೇ ಇಲ್ಲ ಕಣವ್ವ.”

ಮಾವ ನಲ್ಲಿ ನಿಲ್ಲಿಸಿದರು.

“ಪವಿತ್ರ ಈ ಮನೇಲಿ ಯಾವತ್ತಾರ ಅತ್ರೆ, ಹೊಗೆ ಅನ್ನಂಗಿರ್ಬಾರ್ದು. ಯಾಕವ್ವ ಅಳ್ತಿದ್ದೀಯ ಅಂತ ಯಾರಾರ ಒಬ್ರು ಕೇಳ್ಬೇಕು.”