ದೊಡ್ಡ ಮಾವನ ಒಗ್ಗಟ್ಟಿನ ಭಾಷಣ

ನಮ್ಮ ದೊಡ್ಡ ಮಾವ ಒಗ್ಗಟ್ಟಿನ ಮೇಲೆ ಭಾಷಣ ಮಾಡಿ ಮಾಡಿಯೇ ಒಂದು ಮನೆ ಒಡೆದಿದ್ದಾರೆ ಎಂದರೆ ನೀವು ನಂಬುತ್ತೀರಾ? ಅದೂ ಬೇರೆಯವರದ್ದಲ್ಲ, ಸ್ವಂತ ಮನೆ!

ಪ್ರೈಮರಿ ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿರುತ್ತಾರಲ್ಲ, ಒಗ್ಗಟ್ಟನ್ನು ಹೊಗಳುವ ಮಾತು, ಅದೇ ಮಾವನ ಬಂಡವಾಳ. ಆ ಪುಟ್ಟ ಮಾತನ್ನು ಅವರು ಮುಕ್ಕಾಲು ಗಂಟೆ ಎಳೆಯಬಲ್ಲರು. ಮದುವೆಯಾಗಲಿ, ನಾಮಕರಣವಾಗಲಿ, ಆಲ್ದೂರಿನಲ್ಲಿ ಹೊಸ ಬೇಕರಿಯ ಉದ್ಘಾಟನೆಯಾಗಲಿ, ಮೈಕು ಕಂಡರೆ ಸಾಕು. ಬೇಕರಿಯವನಿಗೆ ಒಗ್ಗಟ್ಟು ಯಾಕೆ ಎಂದು ಕೇಳಬೇಡಿ. ಮೈದಾ, ಸಕ್ಕರೆ, ಡಾಲ್ಡಾ ಒಂದಾಗದೆ ಬಿಸ್ಕತ್ತು ಎಲ್ಲಿಂದ ಬರಬೇಕು?

ಮಾವನ ಬಳಿ ಮೂರು ಅಸ್ತ್ರಗಳಿವೆ. ಮೊದಲನೆಯದು ದೊಡ್ಡಸ್ತಿಕೆ. "ನನ್ನ ಬಿಳಿ ಕೂದ್ಲು ನೋಡಿ ಸ್ವಾಮಿ, ಇದು ಅನುಭವದಿಂದ ಬಂದಿದ್ದು" ಎಂದು ತಲೆ ಬಗ್ಗಿಸಿ ತೋರಿಸುತ್ತಾರೆ. ಹಿಂದಿನ ದಿನ ಅತ್ತೆ ಆ ತಲೆಗೆ ಕರಿ ಬಣ್ಣ ಹಚ್ಚಿರುತ್ತಾರೆ ಎಂಬುದು ಅವರಿಗೆ ನೆನಪೇ ಇರುವುದಿಲ್ಲ!

ಎರಡನೆಯದು ಕಣ್ಣೀರು. ಒಮ್ಮೆ ಮೂಡಿಗೆರೆಯ ಮದುವೆಯೊಂದರಲ್ಲಿ ಮೈಕು ಹಿಡಿದವರು, "ನಮ್ಮಮ್ಮ ಕಣ್ಣು ಮುಚ್ಚೋ ಮುಂಚೆ ನನ್ ಕೈ, ನನ್ ತಮ್ಮನ್ ಕೈ ಹಿಡ್ಕೊಂಡು, ಒಟ್ಟಿಗಿರ್ರೋ ಮಕ್ಳಾ ಅಂದ್ರು" ಎಂದು ಗಳಗಳನೆ ಅತ್ತರು. ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು. ಎದುರಿನ ಸಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದ ನಮ್ಮ ಅಜ್ಜಿ ತಲೆ ಎತ್ತಿ, "ಅಯ್ಯೋ, ನಾನ್ ಯಾವಾಗ ಸತ್ನೋ?" ಎಂದರು. ಮಾವ ಮೈಕನ್ನು ಅಂಗೈಯಿಂದ ಮುಚ್ಚಿ, "ಒಳ್ಳೆ ವಿಷಯಕ್ಕೆ ಒಂಚೂರು ಸಾಯಕ್ಕಾಗಲ್ವೇನಮ್ಮ?" ಎಂದು ಗದರಿದರು.

ಮೂರನೆಯದು ಲೆಕ್ಕ. ತೋಟಕ್ಕೆ ಆನೆ ಇಳಿದ ಸಮಯದಲ್ಲಿ ಊರವರನ್ನೆಲ್ಲ ಸೇರಿಸಿ, "ಒಬ್ನೇ ಹೋದ್ರೆ ಆನೆ ಆ ಒಬ್ಬನ್ನೇ ಅಟ್ಟಿಸ್ಕೊಂಡ್ ಬರುತ್ತೆ. ನೂರ್ ಜನ ಹೋದ್ರೆ ಯಾರನ್ನ ಅಟ್ಟಿಸ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಲೆಕ್ಕ ಸರಿ ಇದ್ಯಾ?" ಎಂದರು. ಹಿಂದಿನಿಂದ ಯಾರೋ, "ನಿಧಾನಕ್ಕೆ ಓಡೋನು ಯಾರು ಅಂತ ಗೊತ್ತಾಗುತ್ತಲ್ಲ ಮಾರಾಯ್ರೆ!" ಎಂದರು. ಸಭೆ ಅಲ್ಲಿಗೆ ಮುಗಿಯಿತು.

ಇನ್ನು ಕಡ್ಡಿಯ ಕಟ್ಟಿನ ಪ್ರಸಂಗವಂತೂ ನಮ್ಮ ಕಡೆ ಪ್ರಸಿದ್ಧ. ಒಂಟಿ ಕಡ್ಡಿ ಮುರಿಯುತ್ತದೆ, ಕಟ್ಟು ಮುರಿಯುವುದಿಲ್ಲ ಎಂದು ತೋರಿಸಲು ಮಾವ ಕಾಫಿ ಗಿಡದ ಒಣ ಕಡ್ಡಿಗಳನ್ನು ಕಟ್ಟಿ ತಂದರು. ಮುರಿಯಲು ವೇದಿಕೆಗೆ ಕರೆದದ್ದು ಯಾರನ್ನು? ಲಾರಿಗೆ ಮರ ತುಂಬುವವನನ್ನು! ಅವನು ಮಂಡಿಗೆ ಆನಿಸಿ ಪಟಾರೆಂದು ಮುರಿದು, ಪಾಪ, ವಿನಯದಿಂದ ಎರಡು ತುಂಡನ್ನೂ ಮಾವನ ಕೈಗೇ ಕೊಟ್ಟ. ಮಾವ ಬೆಚ್ಚಿದರೇ? ಎಲ್ಲಿಯದು! "ನೋಡಿದ್ರಾ? ಮುರಿಯೋವಾಗ್ಲೂ ಒಂದನ್ನೊಂದು ಬಿಡ್ಲಿಲ್ಲ!" ಎಂದರು. ಚಪ್ಪಾಳೆಯೋ ಚಪ್ಪಾಳೆ.

ಇಂಥ ಒಂದು ಭಾಷಣದಲ್ಲೇ ಮನೆ ಒಡೆದದ್ದು. ಮಾವ ಕಣ್ಣೀರಿನ ಭಾಗಕ್ಕೆ ಬಂದಿದ್ದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಸ್ವಂತ ತಮ್ಮ, ಅಂದರೆ ನಮ್ಮ ಚಿಕ್ಕ ಮಾವ, ನಿದ್ದೆಗೆ ಜಾರಿ ಗೊರಕೆ ಹೊಡೆದುಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು. ಅವತ್ತಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಮನೆಗಳು ಅಕ್ಕಪಕ್ಕ, ಕಾಫಿ ಒಣಗಿಸುವ ಕಣಗಳೂ ಅಕ್ಕಪಕ್ಕ. ಹೇಳಲೇಬೇಕಾದದ್ದಿದ್ದರೆ ನಾಯಿಗೆ ಹೇಳುತ್ತಿದ್ದರು. "ಟೈಗರ್, ಪೈಪ್ ಒಡ್ದು ನೀರ್ ಪೋಲಾಗ್ತಿದೆ ಅಂತ ಹೇಳೋ." ಆಚೆಯಿಂದ, "ಟೈಗರ್, ನೋಡಿದೀನಿ ಅಂತ ಹೇಳೋ." ಟೈಗರ್ ಇಬ್ಬರಿಗೂ ಬಾಲ ಅಲ್ಲಾಡಿಸಿ ಮಲಗುತ್ತಿತ್ತು.

ನಗುವ ವಿಷಯವೇ, ಆದರೆ ನನಗೆ ಸಂಕಟವಾಗುತ್ತಿತ್ತು. ಹಬ್ಬದ ದಿನ ಊಟಕ್ಕೆ ಕುಳಿತರೆ ಮಾವನಿಗೆ ಎರಡನೆಯ ಕಡುಬು ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಆ ಮನೇಲಿ ಊಟ ಆಯ್ತಂತಾ?" ಎಂದು ಅತ್ತೆಯನ್ನು ಕೇಳುತ್ತಿದ್ದರು. ಹೋಗಿ ಕರೆಯಿರಿ ಎಂದರೆ, "ಗೊರ್ಕೆ ಹೊಡ್ದೋನು ಅವ್ನು, ಅವ್ನೇ ಬರ್ಲಿ" ಎನ್ನುವರು. ಊರನ್ನೆಲ್ಲ ಒಂದು ಮಾಡಹೊರಟವರಿಗೆ ಒಬ್ಬ ತಮ್ಮನನ್ನು ಕರೆಯುವ ದಾರಿ ತಿಳಿಯದಾಗಿತ್ತು.

ಈ ಸಲ ಕಾಫಿ ಕುಯ್ಲಿನ ನಡುವೆ ಬೆಳೆಗಾರರ ಸಭೆ ಸೇರಿತ್ತು. ಸಂಘ ಎರಡು ಹೋಳಾಗುವುದರಲ್ಲಿತ್ತು, ಜೋಡಿಸಲು ಮಾವನೇ ಬೇಕಾಯಿತು. ಶಾಲು ಹೊದಿಸಿ ಮೈಕು ಕೊಟ್ಟರು. ಚಿಕ್ಕ ಮಾವ ಬಂದಿರಲಿಲ್ಲ. ಮಾವ ಬಿಳಿ ಕೂದಲು ಮುಗಿಸಿ ಅಜ್ಜಿಯ ಸಾವಿಗೆ ಬರುವಷ್ಟರಲ್ಲಿ ಹೊರಗೆ ಕತ್ತಲು ಕವಿದು ಹೆಂಚಿನ ಮೇಲೆ ಮಳೆ ಸುರಿಯತೊಡಗಿತು. ಎಲ್ಲರ ಕಾಫಿಯೂ ಕಣದಲ್ಲಿ! ಸಭೆ ಕ್ಷಣದಲ್ಲಿ ಖಾಲಿಯಾಯಿತು. ಮಾವ ಅರ್ಧ ವಾಕ್ಯಕ್ಕೇ ಮೈಕು ಬಿಟ್ಟು ನನ್ನ ಜೀಪಿಗೆ ಹಾರಿದರು. "ಬೇಗ ಹೊಡಿ ಮಾರಾಯ, ನಿಮ್ಮತ್ತೆ ಒಬ್ಳೇ ಟಾರ್ಪಾಲ್ ಎಳಿಯಕ್ಕಾಗಲ್ಲ" ಎಂದು ದಾರಿಯುದ್ದಕ್ಕೂ ಕೈ ಹಿಸುಕಿಕೊಂಡರು.

ಹೋಗಿ ನೋಡಿದರೆ ಮಾವನ ಕಾಫಿ ಗುಡ್ಡೆಯಾಗಿ ಟಾರ್ಪಾಲಿನಡಿ ಬೆಚ್ಚಗಿದೆ. ಅಂಚಿಗೆ ಕಲ್ಲು ಹೇರುತ್ತಾ ತೊಪ್ಪೆಯಾಗಿ ನಿಂತಿದ್ದವರು ಚಿಕ್ಕ ಮಾವ. ಪಕ್ಕದಲ್ಲೇ ಅವರ ಸ್ವಂತ ಕಾಫಿ ನೀರಿನಲ್ಲಿ ತೇಲುತ್ತಿತ್ತು.

ಚಿಕ್ಕ ಮಾವನೇ, ನಾಯಿಯ ಕಡೆ ನೋಡದೆ, ಅಣ್ಣನ ಕಡೆಗೇ ನೋಡಿ ಹೇಳಿದರು: "ನಿಂದು ಒಣಗಿ ಆಗಿತ್ತಲ್ಲ ಅಣ್ಣಾ. ಒಣಗಿದ್ದು ನೆಂದ್ರೆ ಹಾಳೇ. ನಂದು ನಿನ್ನೆ ಹರ್ವಿದ್ದು, ಹಸೀದು. ಬಿಸಿಲ್ ಬಂದ್ರೆ ಮತ್ತೆ ಒಣಗುತ್ತೆ."

ಮೂರು ಅಸ್ತ್ರಗಳ ಮಾವ ಮಳೆಗಿಳಿದು ತಮ್ಮನ ಹತ್ತಿರ ಹೋದರು, ಹೆಗಲ ಮೇಲಿದ್ದ ಸನ್ಮಾನದ ಶಾಲು ತೆಗೆದು ಅವರ ತಲೆ ಒರೆಸಲು ಕೈ ಎತ್ತಿದರು. ಚಿಕ್ಕ ಮಾವ ಅಣ್ಣನಿಗಿಂತ ಒಂದು ಗೇಣು ಎತ್ತರ.

"ಬಗ್ಗೋ ಮಾರಾಯ, ನಂಗೆ ಎಟ್ಕಲ್ಲ" ಎಂದರು ಮಾವ, ಮೈಕಿಲ್ಲದೆ, ತೀರ ಸಣ್ಣ ದನಿಯಲ್ಲಿ.

ಚಿಕ್ಕ ಮಾವ ಬಗ್ಗಿದರು.